ಬಡ್ತಿಗೊಂದು ಪ್ರಬಂಧ: ಬಳಕೆದಾರರ ಕೈಪಿಡಿ

ಪೆಟ್ಟಿಗೆ ತೆರೆಯುವ ಮುನ್ನ

ಮಾನ್ಯ ಸಹಾಯಕ ಪ್ರಾಧ್ಯಾಪಕರೇ, ಈ ಕೈಪಿಡಿ ನಿಮ್ಮ ಕೈಗೆ ಬಂದಿದೆ ಎಂದರೆ ಬಡ್ತಿಯ ಕಡತ ತೆರೆದಿದೆ, ಅದರಲ್ಲಿ ಪ್ರಕಟಿತ ಲೇಖನಗಳ ಕಾಲಂ ಖಾಲಿ ಉಳಿದಿದೆ ಎಂದೇ ಲೆಕ್ಕ. ಗಾಬರಿ ಬೇಡ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಸಹ ಪ್ರಾಧ್ಯಾಪಕರಾಗಲು ಕೇಳುವುದು ಎರಡೇ ಲೇಖನ. ಜರ್ನಲ್ಲು ಆಯೋಗ ಒಪ್ಪಿದ ಸೂಚಿಯಲ್ಲಿರಬೇಕು. ನಿಮ್ಮ ಹೆಸರು ಮೊದಲ ಮೂರರೊಳಗೆ ಬರಬೇಕು, ಇಲ್ಲವೇ ಕರೆಸ್ಪಾಂಡಿಂಗ್ ಲೇಖಕ ನೀವೇ ಆಗಿರಬೇಕು. ಆ ಲೇಖನದಿಂದ ಯಾರ ಕಾಯಿಲೆ ಎಷ್ಟು ಇಳಿಯಿತು ಎಂದು ನಿಯಮ ಕೇಳುವುದಿಲ್ಲ. ನೀವಾಗಿ ಹೇಳಲು ಹೋಗಬೇಡಿ.

ಬೇಕಾಗುವ ಸಾಮಾನು

ನೀವು ಯಾವ ಊರಿನ ಕಾಲೇಜಿನವರಾದರೂ ಸರಿ, ಕಾಲೇಜಿನ ಜೀಪು ಹತ್ತಿ ಕೊಪ್ಪಳ ಜಿಲ್ಲೆಗೆ ಬನ್ನಿ. ಕುಷ್ಟಗಿ, ಯಲಬುರ್ಗಾ ಸೀಮೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲ ಮೇಲೆ ಕಂದು ಕಲೆ ಇದೆ. ರಕ್ತ ತೆಗೆಯಬೇಕಿಲ್ಲ, ಸ್ಕ್ಯಾನಿಂಗ್ ಬೇಡ. ಶಾಲೆಯ ಜಗುಲಿಯ ಮೇಲೆ ಸಾಲಾಗಿ ಕೂರಿಸಿ 'ಬಾಯಿ ತಗಿ' ಅಂದರೆ ಮಧ್ಯಾಹ್ನದ ಬಿಸಿಯೂಟದೊಳಗೆ ಡೇಟಾ ಸಿದ್ಧ. ಹೊಸದನ್ನು ಕಂಡುಹಿಡಿಯುವ ಹೊರೆಯೂ ಇಲ್ಲ. ಫ್ಲೋರೋಸಿಸ್ ಎಂಬ ಈ ಕಾಯಿಲೆಯನ್ನು ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಜಿಲ್ಲೆಯಿಂದ 1937ರಲ್ಲೇ ವರದಿ ಮಾಡಿದ್ದಾರೆ. ಕಲೆಯ ತೀವ್ರತೆ ಅಳೆಯುವ ಡೀನ್ ಸೂಚ್ಯಂಕ 1942ರದ್ದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ ಎಂಬುದು ಭಾರತೀಯ ಮಾನಕದಲ್ಲೇ ಇದೆ. ನೀವು ಮಾಡಬೇಕಾದ್ದು ಎಣಿಕೆ, ಶೇಕಡಾವಾರು, ಕೊನೆಗೆ 'ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ' ಎಂಬ ಒಂದು ಸಾಲು. ಆ ಸಾಲನ್ನು ಓದಿ ಮುಂದಿನ ಜೀಪು ಬರುತ್ತದೆ.

ಅನುಮತಿ

ಕಿರಿಕಿರಿಯ ಭಾಗ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಒಂದು ಸಮಿತಿ ಬೇಕೆನ್ನುತ್ತದೆ: ಏಳರಿಂದ ಹದಿನೈದು ಜನ, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಕಾನೂನು ಬಲ್ಲ ಒಬ್ಬರು, ವೈದ್ಯರೂ ಅಲ್ಲದ ವಿಜ್ಞಾನಿಯೂ ಅಲ್ಲದ ಸಾಮಾನ್ಯರೊಬ್ಬರು. ಈ ಕೊನೆಯವರ ಬಗ್ಗೆ ಹುಷಾರಾಗಿರಿ. ಪಿ ಮೌಲ್ಯದ ಗೊಡವೆಗೆ ಅವರು ಹೋಗುವುದಿಲ್ಲ. 'ಇದರಿಂದ ಆ ಹುಡುಗರಿಗೇನು?' ಎಂದು ಕೇಳಿಬಿಡುತ್ತಾರೆ.

ಅನುಮತಿ ಪತ್ರದ ತಾರೀಖು ಮೊದಲ ಮಗು ಬಾಯಿ ತೆರೆದ ತಾರೀಖಿಗಿಂತ ಹಿಂದಿನದಾಗಿರಬೇಕು. ಕೆಲಸ ಮುಗಿಸಿ ಆಮೇಲೆ ಅರ್ಜಿ ಹಾಕಿದರೆ ಸಮಿತಿ ಒಪ್ಪುವಂತಿಲ್ಲ. ಹೆಡ್‌ಮಾಸ್ತರು 'ಬರ್ರಿ ಸಾಹೇಬ್ರ, ನಮ್ದೇನ್ ಅಡ್ಡಿಲ್ಲ' ಅಂದದ್ದು ಶಾಲೆಯ ಗೇಟಿಗೆ ಸಿಕ್ಕ ಅನುಮತಿ ಮಾತ್ರ. ಮಗುವಿನ ಬಾಯಿಗೆ ತಂದೆತಾಯಿಯ ಸಹಿ ಬೇಕು, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಸಹಿ ಬಾರದವರಿಗೆ ಹೆಬ್ಬೆಟ್ಟು ಸಾಕು, ಆದರೆ ಓದಿ ಹೇಳುವಾಗ ನಿಮ್ಮ ತಂಡದವರಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸುವ ಪದ್ಧತಿ ಬಹಳ ವೇಗದ್ದು, ಆದ್ದರಿಂದಲೇ ಜನಪ್ರಿಯ. ಬೆಂಗಳೂರಿನ ಗ್ರಾಂಥಿಕ ಕನ್ನಡಕ್ಕೆ ಅನುವಾದಿಸಿದ ಫಾರಂ ಕೂಡ ಕೆಲಸ ಸುಗಮಗೊಳಿಸುತ್ತದೆ: 'ದಂತ ಫ್ಲೋರೋಸಿಸ್‌ನ ವ್ಯಾಪಕತೆಯ ಅಡ್ಡಛೇದೀಯ ಅಧ್ಯಯನ' ಎಂದು ಓದಿದರೆ ಯಾವ ತಾಯಿ ತಾನೇ ತಕರಾರು ಮಾಡಿಯಾಳು?

ನೋಡುವುದರ ಜೊತೆಗೆ ಗುಳಿಗೆಯನ್ನೂ ಕೊಟ್ಟು ಹೋಲಿಸುವ ಉಮೇದು ಬಂದರೆ ಅದು ಪ್ರಯೋಗ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್ 1ರಿಂದ ಅಲ್ಲಿ ತಡವಾಗಿ ಬಂದವರಿಗೆ ಬಾಗಿಲಿಲ್ಲ.

ಕೊಯ್ಯುವ ವಿಧಾನ

ಸಮೀಕ್ಷೆ ಒಂದೇ ಆದರೂ ಲೇಖನ ಒಂದೇ ಆಗಬೇಕೆಂದಿಲ್ಲ. ಜಿಲ್ಲೆಯನ್ನು ಸಂತೆಯ ಕಲ್ಲಂಗಡಿಯಂತೆ ಹೋಳು ಮಾಡಿ: ಕೊಪ್ಪಳದ್ದೊಂದು, ಗಂಗಾವತಿಯದ್ದೊಂದು, ಕುಷ್ಟಗಿಯದ್ದೊಂದು, ಯಲಬುರ್ಗಾದ್ದೊಂದು. ಸಾಲದಿದ್ದರೆ ಕನಕಗಿರಿ, ಕಾರಟಗಿ, ಕುಕನೂರು ಹೊಸ ತಾಲ್ಲೂಕುಗಳಾಗಿವೆ. ಸರ್ಕಾರ ನಿಮ್ಮ ಬಡ್ತಿಗೆಂದೇ ಮಾಡಿಕೊಟ್ಟಂತಿದೆ.

ಇದರಲ್ಲಿ ಒಂದು ಸಣ್ಣ ತೊಡಕಿದೆ, ಹೇಳಿಬಿಡುತ್ತೇನೆ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾ ಮಳೆ ಮತ್ತು ಬೋರ್‌ವೆಲ್ ನಂಬಿದ ಎರೆ, ಮಸಾರಿ ನೆಲ. ಕಾಲುವೆ ಸೀಮೆಯ ಹಲ್ಲನ್ನೂ ಬೋರ್‌ವೆಲ್ ಸೀಮೆಯ ಹಲ್ಲನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ಸಮೀಕ್ಷೆ ಬಾಯಿ ಬಿಡುತ್ತದೆ: ಯಾವ ನೀರು, ಎಷ್ಟು ಆಳದ್ದು, ಎಷ್ಟನೇ ವಯಸ್ಸಿನಿಂದ. ನಾಲ್ಕು ಹೋಳಾದರೆ ನಾಲ್ಕೂ ಮೂಕ. ಅದೇ ಮಕ್ಕಳನ್ನು ಎರಡೆರಡು ಕಡೆ ಎಣಿಸಿದರಂತೂ ಮುಂದೆ ಎಲ್ಲ ಲೇಖನಗಳನ್ನೂ ಕೂಡಿಸಿ ನೋಡುವವರ ಲೆಕ್ಕವೇ ಕೆಡುತ್ತದೆ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಔಷಧದ ವಿಚಾರದಲ್ಲಿ ಇದು ನಡೆದದ್ದೇ. ಒಂದೇ ರೋಗಿಗಳ ಫಲಿತಾಂಶ ಬೇರೆ ಬೇರೆ ಲೇಖನಗಳಲ್ಲಿ ಮರುಕಳಿಸಿದ್ದರಿಂದ ಔಷಧದ ಗುಣ ಶೇ. 23ರಷ್ಟು ಉಬ್ಬಿ ಕಂಡಿತ್ತು ಎಂದು 1997ರಲ್ಲಿ ಮಾರ್ಟಿನ್ ಟ್ರಾಮೆರ್ ತಂಡ ತೋರಿಸಿತು.

ಹೆಸರುಗಳ ಜೋಡಣೆ

ಅಂತರರಾಷ್ಟ್ರೀಯ ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ 1978ರಲ್ಲಿ ವ್ಯಾಂಕೂವರಿನಲ್ಲಿ ಕೂಡಿ ಶುರುವಾದದ್ದು. ಅದರ ಪ್ರಕಾರ ಲೇಖಕನೆಂದರೆ ಅಧ್ಯಯನದ ಯೋಜನೆಯಲ್ಲೋ ಡೇಟಾದಲ್ಲೋ ಗಣನೀಯ ಪಾಲು, ಬರವಣಿಗೆಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಬರೆದದ್ದಕ್ಕೆಲ್ಲ ಹೊಣೆ, ಈ ನಾಲ್ಕೂ ಇದ್ದವನು. ನಾಲ್ಕಕ್ಕೆ ನಾಲ್ಕು, ಒಂದೆರಡಲ್ಲ. ಚಾಟ್‌ಜಿಪಿಟಿಯಂಥವಕ್ಕೆ ಲೇಖಕಪಟ್ಟ ಸಲ್ಲದು ಎಂದೂ 2023ರಲ್ಲಿ ಸೇರಿಸಿದ್ದಾರೆ, ಹೊಣೆ ಹೊರಲು ಅದಕ್ಕೆ ಬರುವುದಿಲ್ಲವೆಂದು. ವಿಭಾಗದ ಮುಖ್ಯಸ್ಥರಿಗೆ ಬರುತ್ತದೆಯೋ ಇಲ್ಲವೋ ಎಂಬ ಚರ್ಚೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಆಯೋಗದ 'ಮೊದಲ ಮೂವರು' ನಿಯಮದಿಂದ ನಾಲ್ಕನೆಯ ಕುರ್ಚಿ ಬೆಲೆ ಕಳೆದುಕೊಂಡಿದೆ. ಮೂರನೆಯದಕ್ಕೆ ಮಾತ್ರ ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕುವವರಿದ್ದಾರೆ. ನೀರಿನ ಬಾಟಲಿಗೆ ಚೀಟಿ ಅಂಟಿಸಿದ ಲ್ಯಾಬ್ ಟೆಕ್ನಿಷಿಯನ್, ಮನೆಮನೆ ಕರೆದೊಯ್ದ ಆಶಾ ಕಾರ್ಯಕರ್ತೆ ಇಬ್ಬರಿಗೂ ಕೊನೆಯ ಪುಟದ ಕೃತಜ್ಞತೆಯಲ್ಲಿ ಜಾಗವಿದೆ. ಪದಮಿತಿ ಮೀರಿದರೆ ಮೊದಲು ಕತ್ತರಿಸುವುದು ಅದನ್ನೇ.

ಎಚ್ಚರಿಕೆ: ಫೋಟೊ

ಬಾಯಗಲಿಸಿದ ಹುಡುಗನ ಫೋಟೊ ಇಲ್ಲದೆ ಫ್ಲೋರೋಸಿಸ್ ಲೇಖನ ಸಪ್ಪೆ. ರೂಢಿ ಏನೆಂದರೆ ಕಣ್ಣಿಗೆ ಕರಿ ಪಟ್ಟಿ ಎಳೆಯುವುದು, ಕೆಳಗೆ ಊರಿನ ಹೆಸರು, ವಯಸ್ಸು ಬರೆಯುವುದು. ಕಣ್ಣು ಮುಚ್ಚಿದರೆ ಗುರುತು ಮುಚ್ಚಿದಂತಲ್ಲ ಎಂದು ಸಂಪಾದಕರ ಸಮಿತಿ ಬಹಳ ಕಾಲದಿಂದ ಹೇಳುತ್ತಿದೆ. ಅವರು ಯಲಬುರ್ಗಾ ನೋಡಿ ಹೇಳಿದ್ದಲ್ಲ, ಆದರೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ನೂರಿನ್ನೂರು ಮನೆಯ ಊರಲ್ಲಿ ಎದುರಿನ ಮುರಿದ ಹಲ್ಲು, ಕೊರಳ ತಾಯಿತ, ಹಿಂದಿನ ಗೋಡೆ ಕಂಡರೆ ಸಾಕು, 'ಇದು ನಮ್ಮ ಓಣಿ ಹುಡುಗ ಅಲ್ಲೇನ್ರಿ' ಅಂತಾರೆ. ಹೆಣ್ಣುಮಗುವಾದರೆ ಹತ್ತು ವರ್ಷದ ಮೇಲೆ ಹೆಣ್ಣು ನೋಡಲು ಬಂದವರ ಮೊಬೈಲಿನಲ್ಲಿ ಆ ಹಲ್ಲು ತೆರೆದುಕೊಳ್ಳಬಹುದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಪ್ರಕಟಣೆಗೆ ಸಲ್ಲುವುದಿಲ್ಲ. ಅದಕ್ಕೆ ಬೇರೆಯೇ ಸಹಿ ಬೇಕು, ಅಚ್ಚಾಗಲಿರುವುದನ್ನು ತೋರಿಸಿಯೇ ಪಡೆಯಬೇಕು, ಅಂತರ್ಜಾಲದಲ್ಲಿ ಅದು ಎಂದೆಂದಿಗೂ ಇರುತ್ತದೆಂದು ಮನೆಯವರಿಗೆ ತಿಳಿಸಿ ಹೇಳಬೇಕು. ಹೀಗೆ ಹೇಳಿದರೆ ಕೆಲವರು ಬೇಡ ಎನ್ನುತ್ತಾರೆ, ಅದೇ ಈ ವಿಧಾನದ ದೋಷ. ಹಲ್ಲಷ್ಟೇ ಕಾಣುವಂತೆ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದಿತ್ತು.

ಜರ್ನಲ್ಲಿನ ಆಯ್ಕೆ

ನಿಮ್ಮ ಇಮೇಲಿಗೆ 'ಎಮಿನೆಂಟ್ ಪ್ರೊಫೆಸರ್' ಎಂಬ ಸಂಬೋಧನೆಯ ಪತ್ರ ಬಂದೇ ಬಂದಿರುತ್ತದೆ. ಮೂರು ದಿನದಲ್ಲಿ ವಿಮರ್ಶೆ, ಐದನೆಯ ದಿನ ಸ್ವೀಕೃತಿ, ನಡುವೆ ಹಣ ಕಟ್ಟುವ ಕೊಂಡಿ. ಜಾನ್ ಬೊಹಾನನ್ ಎಂಬ ಪತ್ರಕರ್ತ ಕಲ್ಲುಹೂವಿನಿಂದ ತೆಗೆದ ಕ್ಯಾನ್ಸರ್ ಔಷಧವೆಂದು ತಪ್ಪುಗಳನ್ನೇ ತುಂಬಿದ ನಕಲಿ ಲೇಖನ ಹೆಣೆದು 304 ಮುಕ್ತ ಜರ್ನಲ್ಲುಗಳಿಗೆ ಕಳಿಸಿದ. 157 ಒಪ್ಪಿಕೊಂಡವು. 2013ರ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಕತೆ ಇದು. ದೂರ ಹೋಗಬೇಕಿಲ್ಲ, ಒಂದು ಕಾಲಕ್ಕೆ ನಮ್ಮ ಕೊಪ್ಪಳ ಸೀಮೆಗೆ ರಾಜಧಾನಿಯೇ ಆಗಿದ್ದ ಹೈದರಾಬಾದಿನ ಓಮಿಕ್ಸ್ ಪ್ರಕಾಶನಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. ವಿಮರ್ಶೆಯ ಬಗ್ಗೆ ಸುಳ್ಳು ಹೇಳುತ್ತದೆ, ಶುಲ್ಕ ಮುಚ್ಚಿಡುತ್ತದೆ ಎಂಬುದು ಅದರ ಮೇಲಿದ್ದ ದೂರು.

ದೊಡ್ಡ ಜರ್ನಲ್ಲೇ ಬೇಕೆಂಬ ಹಟವಿದ್ದರೆ ಅಲ್ಲೂ ದಾರಿಗಳಿವೆ. 2020ರ ಮೇ 22ರಂದು ಲಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ಬಂದ ಲೇಖನದಲ್ಲಿ 671 ಆಸ್ಪತ್ರೆಗಳ 96 ಸಾವಿರ ರೋಗಿಗಳಿದ್ದರು. ಯಾವ ಆಸ್ಪತ್ರೆ, ಡೇಟಾ ತೋರಿಸಿ ಎಂದು ಕೇಳಿದಾಗ ತೋರಿಸಲಾಗದೆ ಜೂನ್ 4ಕ್ಕೆ ಹಿಂತೆಗೆದರು. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಸೆಮ್ಲರ್ ರಿಸರ್ಚ್‌ನಲ್ಲಿ ಅಧ್ಯಯನಕ್ಕೆ ಬಂದವರ ಮಾದರಿಗಳನ್ನೇ ಬದಲಿಸಿದ್ದು ತಪಾಸಣೆಯಲ್ಲಿ ಕಂಡು, ಅಲ್ಲಿನ ಅಧ್ಯಯನಗಳನ್ನು ಒಪ್ಪುವುದಿಲ್ಲವೆಂದು ಅಮೆರಿಕದ ಎಫ್‌ಡಿಎ 2016ರಲ್ಲಿ ಸಾರಿತು.

ದೋಷ ಕಂಡುಬಂದಲ್ಲಿ

ನಿಮ್ಮ ಲೇಖನ ಅಚ್ಚಾಗಿ, ಬಡ್ತಿಯೂ ಆಗಿ, ಅದೇ ಊರಿಗೆ ಮತ್ತೆ ಹೋಗುವ ಪ್ರಸಂಗ ಬಂತೆನ್ನಿ. ಹೆಡ್‌ಮಾಸ್ತರು ಚಹಾ ತರಿಸಿ ಕೇಳಬಹುದು: 'ಅಲ್ರೀ ಸಾಹೇಬ್ರ, ಹ್ವಾದ ಸಲ ಬಾಟ್ಲಿಗೆ ನೀರು ತುಂಬ್ಕೊಂಡು ಹ್ವಾದ್ರಲ್ಲ, ರಿಪೋರ್ಟ್ ಏನ್ ಬಂತ್ರಿ?' ಲೇಖನ ಇಂಗ್ಲಿಷಿನಲ್ಲಿದೆ, ಓದಲು ಡಾಲರಿನಲ್ಲಿ ದುಡ್ಡು ಕಟ್ಟಬೇಕು ಎಂದು ಹೇಳಬೇಡಿ. ಫಲಿತಾಂಶವನ್ನು ಆ ಸಮುದಾಯಕ್ಕೆ ಮುಟ್ಟಿಸಬೇಕೆಂದು ಐಸಿಎಂಆರ್ ಮಾರ್ಗಸೂಚಿಯೂ ಹೇಳುತ್ತದೆ, ಅವರಿಗದು ಗೊತ್ತಿಲ್ಲದಿರುವುದು ನಿಮ್ಮ ಪುಣ್ಯ.

ಆದರೂ ಮನಸ್ಸು ತಡೆಯದಿದ್ದರೆ ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಯಾವ ಓಣಿಯ ಯಾವ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಎಷ್ಟು ಎಂದು ಕನ್ನಡದಲ್ಲಿ ಬರೆಯಿರಿ. 1.5 ದಾಟಿದ್ದಕ್ಕೆ ಕೆಂಪು ಗೆರೆ ಎಳೆಯಿರಿ. ಹಲ್ಲು ಒಳಗೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಕಲೆ ಕೂರುತ್ತದೆ, ಆದ್ದರಿಂದ ಅಂಗನವಾಡಿಗೆ ಮೊದಲು ಬೇರೆ ನೀರು ಬೇಕೆಂದು ಸೇರಿಸಿ. ಕೆಟ್ಟು ನಿಂತ ಶುದ್ಧ ನೀರಿನ ಘಟಕವೇನಾದರೂ ಇದ್ದರೆ ಅದನ್ನೂ ನಮೂದಿಸಿ. ಶಾಲೆಗೊಂದು ಪ್ರತಿ, ಗ್ರಾಮ ಪಂಚಾಯ್ತಿಗೊಂದು ಪ್ರತಿ. ಪಂಚಾಯ್ತಿಯಲ್ಲಿ ಕೊಡುವಾಗ ಪಿಡಿಒ ಕೈಯಲ್ಲಿ ನಿಮ್ಮ ಪ್ರತಿಯ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಬಂದೇ ಇಲ್ಲ ಅಂದುಬಿಡುತ್ತಾರೆ.