ಮುಂಜಾಗ್ರತೆ ಮಾವ

ಮುಂಜಾಗ್ರತೆ ಮಾವ ಪ್ರತಿ ಬಂಧುಬಳಗದಲ್ಲೂ ಕನಿಷ್ಠ ಒಬ್ಬರಂತೆ ಕಂಡುಬರುವ, ಐವತ್ತು ದಾಟಿದ ಗೃಹಸ್ಥ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸ್, ಜೇಬಿನಲ್ಲಿ ಪೆನ್ನು, ಆ ಪೆನ್ನು ಬರೆಯದಿದ್ದರೆ ಎಂದು ಮತ್ತೊಂದು ಪೆನ್ನು: ಇವು ಗುರುತಿನ ಲಕ್ಷಣಗಳು. ಹೆಂಗಸರಲ್ಲೂ ಈ ಪ್ರಭೇದವಿದೆ. ಅವರ ಚಿಂತೆಯನ್ನು ಮನೆಯವರು ಮನೆಗೆಲಸದ ಲೆಕ್ಕಕ್ಕೇ ಸೇರಿಸಿಬಿಟ್ಟಿರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾವನ ಅಧ್ಯಯನಕ್ಕೆ ಪ್ರಯಾಣದ ದಿನ ಪ್ರಶಸ್ತ. ಮೈಸೂರಿನಿಂದ ಬೆಂಗಳೂರಿಗೆ ಬೆಳಗ್ಗೆ ಎಂಟರ ರೈಲಾದರೆ ಮನೆಮಂದಿ ನಾಲ್ಕಕ್ಕೇ ಏಳಬೇಕು. ಬೀಗ ಹಾಕಿ, ಜಗ್ಗಿ, ಗೇಟಿನವರೆಗೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಜಗ್ಗಿದ ಮೇಲೆ ಆಟೋ ಹೊರಡುತ್ತದೆ. ಮೊದಲ ತಿರುವಿನಲ್ಲೇ ಶಾಸ್ತ್ರೋಕ್ತ ಪ್ರಶ್ನೆ: ‘ಏನೇ, ಗ್ಯಾಸ್ ಆಫ್ ಮಾಡಿದ್ಯಾ?’ ‘ಮಾಡಿದೀನಿ ಅಂದ್ರೆ.’ ‘ರೆಗ್ಯುಲೇಟರ್ರು?’ ಅಲ್ಲಿಯವರೆಗೆ ನಿಶ್ಚಿಂತೆಯಿಂದಿದ್ದ ಅತ್ತೆಗೂ ಈಗ ಅನುಮಾನ ಹತ್ತಿಕೊಳ್ಳುತ್ತದೆ. ಆತಂಕ ನೆಗಡಿಗಿಂತ ಬೇಗ ಅಂಟುತ್ತದೆ. ಸ್ಟೇಷನ್ ತಲುಪಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಕಸ ಗುಡಿಸುವವರ ಹೊರತು ಯಾರೂ ಇರುವುದಿಲ್ಲ.

ಈ ಅವಸ್ಥೆಯಲ್ಲಿ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಹಾರ್ವರ್ಡಿನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ಪುಸ್ತಕದಲ್ಲಿ ವಿವರಿಸಿದರು. ಅಪಾಯ ಎದುರಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಯಕೃತ್ತು ಸಕ್ಕರೆ ಬಿಡುಗಡೆ ಮಾಡುತ್ತದೆ, ಜೀರ್ಣಕ್ರಿಯೆ ಕೆಲಸ ನಿಲ್ಲಿಸುತ್ತದೆ. ಕಾದಾಡಲು ಅಥವಾ ಓಡಲು ಇದು ಸಿದ್ಧತೆ. ಮಾವ ಎರಡನ್ನೂ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತು ಮಗಳಿಗೆ ಫೋನ್ ಹಚ್ಚುತ್ತಾರೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಅತ್ತಲಿನ ದನಿ ಹೇಳಿ ಮುಗಿಸುವಷ್ಟರಲ್ಲಿ ಅವರ ಮನಸ್ಸಿನಲ್ಲಿ ಬಸ್ಸು ಉರುಳಿ, ಪೊಲೀಸರು ಮಹಜರು ಮುಗಿಸಿ, ಪತ್ರಿಕೆಯ ಮೂರನೇ ಪುಟವೂ ಅಚ್ಚಾಗಿರುತ್ತದೆ. ಮಗಳು ಚನ್ನಪಟ್ಟಣದ ಆಸುಪಾಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿರುತ್ತಾಳೆ. ಇತ್ತ ಮಾವನಿಗೆ ಊಟ ಸೇರುವುದಿಲ್ಲ, ಹೊಟ್ಟೆ ಉಬ್ಬರ. ಇದೆಲ್ಲಕ್ಕೂ ಅವರಿಡುವ ಹೆಸರು ‘ಗ್ಯಾಸ್ಟ್ರಿಕ್’.

ಮನೆಗೆ ಬಿಪಿ ಮಷೀನು ಬರುವುದು ಮುಂದಿನ ಘಟ್ಟ. ಮೊದಲ ಸಲ 140 ತೋರಿಸಿದರೆ ನಂಬದೆ ಮತ್ತೆ ಪಟ್ಟಿ ಕಟ್ಟುತ್ತಾರೆ. ಆ ಗಾಬರಿಗೆ 150. ಮಷೀನೇ ಕೆಟ್ಟಿರಬೇಕೆಂದು ಹೆಂಡತಿಯ ತೋಳಿಗೆ ಸುತ್ತಿದರೆ 118. ಹೆಂಡತಿಗೆ ಸಂಸಾರದ ಮೇಲೆ ಕಾಳಜಿಯಿಲ್ಲ ಎಂಬುದಕ್ಕೆ ಈ ಅಂಕಿಯನ್ನು ಅವರು ಬಹಳ ಕಾಲ ಸಾಕ್ಷಿಯಾಗಿ ಬಳಸುತ್ತಾರೆ.

ಇಷ್ಟು ಎಚ್ಚರ ವಹಿಸಿದರೂ ಚಿಂತೆ ತಗ್ಗದಿರಲು ಕಾರಣ ಆ ಎಚ್ಚರವೇ. ಬೀಗ ಜಗ್ಗಿದಾಗ ಒಂದು ಗಳಿಗೆ ಹಾಯೆನಿಸುತ್ತದೆ. ಆ ಹಾಯಿಯ ರುಚಿ ಹತ್ತಿದ ಕೈ ಮುಂದಿನ ಅನುಮಾನಕ್ಕೂ ಬೀಗವನ್ನೇ ಹುಡುಕುತ್ತದೆ. ಅದಕ್ಕಿಂತ ಗಟ್ಟಿಯಾದ ತೊಡಕು ಇನ್ನೊಂದು: ಮಾವ ಊಹಿಸಿದ ಅನಾಹುತಗಳಲ್ಲಿ ಹೆಚ್ಚಿನವು ನಡೆಯುವುದಿಲ್ಲ, ನಡೆಯದಿದ್ದುದರ ಕೀರ್ತಿ ಚಿಂತೆಗೆ ಸಲ್ಲುತ್ತದೆ. ‘ನಾನು ಬಡ್ಕೊಂಡಿದ್ದಕ್ಕೇ ಮದುವೇಲಿ ಊಟ ಸಾಲಿತು’ ಎಂಬ ವಾದವನ್ನು ಈವರೆಗೆ ಯಾರೂ ಗೆದ್ದಿಲ್ಲ. ಆದರೆ ನಿಜಕ್ಕೂ ಅಡುಗೆ ಭಟ್ಟರು ಕೈಕೊಟ್ಟ ದಿನ ಛತ್ರದಲ್ಲಿ ಎಲ್ಲರಿಗಿಂತ ಸಮಾಧಾನದಿಂದ ಓಡಾಡುವವರು ಮಾವನೇ. ಅಂದು ಅವರಿಗೂ ಅವರ ಅಡ್ರಿನಲಿನ್ನಿಗೂ ಕೈತುಂಬ ಕೆಲಸ.

ನೆಂಟರ ಚಿಕಿತ್ಸೆ ‘ಟೆನ್ಶನ್ ಮಾಡ್ಕೋಬೇಡಿ ಮಾವ’ ಎಂಬಲ್ಲಿಗೆ ಮುಗಿಯುತ್ತದೆ. ಇದು ನಿರುಪಯುಕ್ತ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಸಂಗಡಿಗರೊಂದಿಗೆ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿಸಿಕೊಂಡವರು ಗಂಟೆ ಬಾರಿಸುತ್ತಲೇ ಇದ್ದರು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದೆಂಬ ಮಾತು ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ.

ಫಲ ಕೊಡುವ ಉಪಾಯ ಬೇರೆ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ವರದಿ ಮಾಡಿದ ಕ್ರಮದಂತೆ ಚಿಂತೆಗೆಂದು ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಬೇಕು. ಮಿಕ್ಕ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಅರ್ಧ ಗಂಟೆಗೆ ಮುಂದೂಡಬೇಕು. ಸಂಜೆ ಐದೂವರೆಗೆ ಚಿಂತಿಸಲು ಕೂರುವ ಮಾವನಿಗೆ ಐದು ಗಂಟೆಗೇ, ಯಾವುದಾದರೂ ಚಿಂತೆ ಬಿಟ್ಟುಹೋದೀತೆಂಬ ದಿಗಿಲು. ಪಟ್ಟಿ ಬರೆದಿಡುತ್ತಾರೆ. ಕೂತು ನೋಡಿದರೆ ಬೆಳಗಿನ ಅರ್ಧ ಚಿಂತೆಗಳು ಹಳಸಿರುತ್ತವೆ. ಮದ್ದು ನಾಟಿದೆ ಎಂದು ಅವರಿಗೆ ತಿಳಿಸದಿರುವುದು ಒಳ್ಳೆಯದು. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದೂ ಸಹಾಯಕ, ಏಕೆಂದರೆ ಉಸಿರು ಬಿಡುವಾಗ ವೇಗಸ್ ನರ ಎದೆಬಡಿತವನ್ನು ಇಳಿಸುತ್ತದೆ. ಮನೆಯವರು ‘ಗ್ಯಾಸ್ ಆಫ್ ಮಾಡಿದ್ಯಾ’ ಎಂಬುದಕ್ಕೆ ಒಂದೇ ಸಲ ಉತ್ತರಿಸಿ ಸುಮ್ಮನಾಗಬೇಕು. ಇದು ಮಾವನಿಗಿಂತ ಅತ್ತೆಗೆ ಕಷ್ಟ.

ಚಿಂತೆ ಆರು ತಿಂಗಳಿಂದ ಬಹುಪಾಲು ದಿನ ಬಿಡದೆ ಕಾಡುತ್ತ ನಿದ್ದೆ, ಕೆಲಸ ಕೆಡಿಸಿದ್ದರೆ ಅದು ಹಾಸ್ಯದ ವಸ್ತುವಲ್ಲ. ವೈದ್ಯರು ಅದನ್ನು ಆತಂಕದ ಕಾಯಿಲೆಯೆಂದು ಗುರುತಿಸಬಹುದು. ಆಪ್ತಸಮಾಲೋಚನೆ ಮತ್ತು ಔಷಧಿಯಿಂದ ಅದು ಹತೋಟಿಗೆ ಬರುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಾವ ಈ ಸಂಖ್ಯೆಯನ್ನು ಡೈರಿಯಲ್ಲಿ ಬರೆದು, ಫ್ರಿಜ್ಜಿಗೆ ಅಂಟಿಸಿ, ಇಬ್ಬರು ಅಳಿಯಂದಿರಿಗೂ ಕಳಿಸಿದ್ದಾರೆ, ‘ಈಗಿನ ಹುಡುಗರಿಗೆ ಟೆನ್ಶನ್ ಜಾಸ್ತಿ’ ಎಂದು.