ಕಲ್ಲಂಗಡಿ ಗೌಡರು

ಕಾಫಿ ಕುಯ್ಲು ಮುಗಿದು, ಕಣ ಖಾಲಿಯಾಗಿ, ಹೂಮಳೆಗೆ ಬಾನು ನೋಡುವ ಫೆಬ್ರವರಿಯಲ್ಲಿ ಗೋಣಿಬೀಡು ಸೀಮೆಯ ಪ್ಲಾಂಟರಿಗೆ ಹೊತ್ತು ಹೋಗುವುದಿಲ್ಲ. ಕೆಲವರು ಇಸ್ಪೀಟಿಗೆ ಕೂರುತ್ತಾರೆ, ಕೆಲವರು ಕರೆದ ಮದುವೆಗೆಲ್ಲ ಹೋಗುತ್ತಾರೆ. ಇನ್ನು ಕೆಲವರು ಹಿತ್ತಲಲ್ಲಿ ಕಲ್ಲಂಗಡಿ ಹಾಕುತ್ತಾರೆ. ಊರಿಗೊಬ್ಬರಂತೆ ಸಿಗುವ ಇವರನ್ನು ಸುಮ್ಮನೆ ಗೌಡರು ಅನ್ನೋಣ.

ಗೌಡರು ಬೀಜದ ಪ್ಯಾಕೆಟ್ ಕೊಳ್ಳುವವರಲ್ಲ. ಮೂಡಿಗೆರೆಯಲ್ಲಿ ತಿಂದ ಹಣ್ಣಿನ ಬೀಜವನ್ನೇ ಕರ್ಚೀಫಿನಲ್ಲಿ ಕಟ್ಟಿ ತರುತ್ತಾರೆ. ‘ಅದು ಹೈಬ್ರಿಡ್ಡು ಅಪ್ಪಾ, ಬೀಜ ಹಾಕಿದ್ರೆ ಅದೇ ಗುಣ ಬರಲ್ಲ’ ಎಂದು ಬೆಂಗಳೂರಿಂದ ಬಂದ ಮಗ ಹೇಳಿದರೆ, ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ‘ಅದು ನಂಗೆ ಗೊತ್ತಿಲ್ವೇನೋ’ ಅನ್ನುತ್ತಾರೆ. ಶುಗರ್ ಬೇಬಿಯೋ ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್ಕೋ ಹಾಕಿದರೆ ಗುಣ ಕೆಡದೆ ಬೀಜ ಎತ್ತಿಟ್ಟುಕೊಳ್ಳಬಹುದು, ನಿಜ. ಆದರೆ ಅದು ಸಿಹಿಯಾದರೆ ಹೆಸರು ಹೆಸರಘಟ್ಟಕ್ಕೆ ಹೋಗುತ್ತದಲ್ಲ!

ಕಾಫಿಗೆ ತಂದ ಯೂರಿಯಾ ಬೊಗಸೆಗಟ್ಟಲೆ ಬಳ್ಳಿಗೂ ಬೀಳುತ್ತದೆ. ಬಳ್ಳಿ ಸೊಕ್ಕಿ ಗೇಟಿನವರೆಗೂ ಹಬ್ಬುತ್ತದೆ, ಕಾಯಿ ಇಲ್ಲ. ಮೊದಮೊದಲು ಬರುವುದೆಲ್ಲ ಗಂಡುಹೂ. ಬುಡದಲ್ಲಿ ಗೋಲಿಯಷ್ಟು ಮಿಡಿ ಹೊತ್ತ ಹೆಣ್ಣುಹೂ ಕೊನೆಗೂ ಅರಳಿದ ಬೆಳಿಗ್ಗೆ ಗೌಡರು ಕಾಫಿಯನ್ನೂ ಕುಡಿಯದೆ ಗಂಡುಹೂ ಕಿತ್ತು ಅದಕ್ಕೆ ಸವರುತ್ತಾರೆ. ಸ್ವಂತ ಮಗಳ ಸಂಬಂಧ ನೋಡುವಾಗಲೂ ಇಷ್ಟು ಓಡಾಡಿದವರಲ್ಲ.

ಮಾರ್ಚಿ ಮುಗಿಯುತ್ತ ಬಂತೆಂದರೆ ಧರ್ಮಸಂಕಟ. ಕಾಫಿ ಅರಳಲು ಮಳೆ ಬೇಕು, ಕಲ್ಲಂಗಡಿ ಸಿಹಿಯಾಗಲು ಬಿಸಿಲು ಬೇಕು. ಮಳೆ ನಿಲ್ಲುವ ಮೊದಲೇ ಪಕ್ಕದ ತೋಟದವರ ಫೋನು.

‘ನಿಮ್ಮಲ್ಲಿ ಎಷ್ಟು ಬಂತು?’

‘1 ಇಂಚು 20 ಸೆಂಟು’ ಎಂದು ಗೌಡರು ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಹೇಳುತ್ತಾರೆ.

‘ಬಂಗಾರದಂಥ ಮಳೆಯಲ್ರೀ!’

‘ಕಾಯಿ ಒಡೆಯುತ್ತೆ ಮಾರಾಯ್ರೆ.’

ಎಲ್ಲ ಕಳೆದು ಉಳಿಯುವುದು ಒಂದು ಕಾಯಿ. ಅದರ ತೊಟ್ಟಿನ ಪಕ್ಕದ ಸುರುಳಿ ಒಣಗಿದೆ, ನೆಲಕ್ಕೆ ತಾಗಿದ ಹೊಟ್ಟೆ ಹಳದಿಯಾಗಿದೆ. ಆದರೂ ಗೌಡರು ದಿನಾ ಬಡಿದು, ಕಿವಿಗೊಟ್ಟು, ‘ಶಬ್ದ ಇನ್ನೂ ಬಂದಿಲ್ಲ’ ಎಂದು ಎದ್ದುಬಿಡುತ್ತಾರೆ. ನೋಡಲು ಬಂದ ನೆಂಟರಿಗೂ ಬಡಿಯಲು ಅವಕಾಶವುಂಟು, ಅಭಿಪ್ರಾಯ ಹೇಳಲು ಇಲ್ಲ.

ಒಂದು ರಾತ್ರಿ ಮುಳ್ಳುಹಂದಿ ಬಂದು ಕೆಲಸ ಮುಗಿಸಿತು. ಕೆಂಪು ತಿರುಳು ಅಂಟಿ ಉಳಿದ ಸಿಪ್ಪೆಯ ಮುಂದೆ ಕೂತ ಗೌಡರ ಮುಖದಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚು.

‘ನೋಡಿದ್ಯಾ, ಸರಿಯಾಗಿ ಹಣ್ಣಾದ ದಿನವೇ ಬಂದಿದೆ. ನಾನೂ ಇವತ್ತೇ ಕುಯ್ಯೋಣ ಅಂತಿದ್ದೆ.’

‘ಅದಕ್ಕೆ ಕಿವಿ ಚೆನ್ನಾಗಿದೆ ಬಿಡಿ’ ಎಂದರು ಹೆಂಡತಿ.