ಆಯಿಯ ಸಿರಿ, ಸಾಹೇಬರ ಬಡತನ

ಉಗರಗೋಳದ ಆಯಿಗೆ ಮುಪ್ಪಿನ ಪಗಾರ ಬೇಕೆಂದರೆ ಮೊದಲು ತಾನು ಬಡವಿ ಎಂದು ಸರ್ಕಾರವನ್ನು ನಂಬಿಸಬೇಕು. ಮುಖದ ಸುಕ್ಕು ಸಾಕ್ಷಿಗೆ ಸಾಲದು. ತಲಾಟಿಯ ವರದಿ, ಉತ್ಪನ್ನದ ದಾಖಲೆ, ಆಧಾರ್, ಪಾಸ್‌ಬುಕ್, ಆಮೇಲೆ ಸವದತ್ತಿಯ ಕಚೇರಿಗೆ ಅಲೆದಾಟ. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ, ಕಾಯಿ ಮಾರಿದ್ದನ್ನು ಯಾರಾದರೂ ನೆನಪಿಸಿದರೆ ಮುಗಿಯಿತು, ಆಕೆ ವ್ಯಾಪಾರಸ್ಥೆ!

2007ರಲ್ಲಿ ಸಂಧ್ಯಾ ಸುರಕ್ಷಾ ಎಂಬ ಈ ಮುಪ್ಪಿನ ಪಗಾರದ ಯೋಜನೆ ತಂದಾಗ ಗಂಡ-ಹೆಂಡತಿಯ ವರ್ಷದ ಆದಾಯ 20,000 ರೂಪಾಯಿ ಮೀರಬಾರದು, ಬ್ಯಾಂಕಿನ ಠೇವಣಿ 10,000 ದಾಟಬಾರದು ಎಂದು ಗೆರೆ ಎಳೆದರು. ಇಬ್ಬರೂ ಸೇರಿ ದಿನಕ್ಕೆ 55 ರೂಪಾಯಿ ಗಳಿಸಿದರೆ ಸಿರಿವಂತಿಕೆ ಶುರು. ತನ್ನ ಮಣ್ಣಿನ ಖರ್ಚಿಗೆಂದು ಆಯಿ ಕೂಡಿಟ್ಟ ದುಡ್ಡೂ ಲೆಕ್ಕಕ್ಕೆ ಬಂತು. ಈಗ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ಬೇರೆ. ಆರು ತಿಂಗಳು ಮುಟ್ಟದೆ ಇಟ್ಟರೆ ಆ ಹಳೆಯ ಗೆರೆಯನ್ನು ಸರ್ಕಾರವೇ ಕೈಹಿಡಿದು ದಾಟಿಸಿದಂತೆ. ಇಷ್ಟೆಲ್ಲ ಸೋಸಿದ ಮೇಲೆ ಕೈಗೆ ಬರುವುದು ತಿಂಗಳಿಗೆ 1,200.

ಉಳ್ಳವರಿಗೆ ಖಜಾನೆಯ ದುಡ್ಡೇಕೆ ಎನ್ನುವುದು ನನಗೂ ಒಪ್ಪಿಗೆಯೇ. ಆದರೆ ಈ ತತ್ವ ಗುಡ್ಡದ ಬುಡದಲ್ಲೇ ಕಾಲು ಚಾಚಿ ಕೂತುಬಿಟ್ಟಿದೆ. ವಿಧಾನಸೌಧದ ಮೆಟ್ಟಿಲು ಹತ್ತಲು ಅದಕ್ಕೆ ಮೊಣಕಾಲು ನೋವು. 2025ರ ಮಾರ್ಚ್ 21ರಂದು ಸದನದಲ್ಲಿ ಕಾಗದ ಹಾರಾಡಿದವು, 18 ಶಾಸಕರು ಅಮಾನತಾದರು. ಅದೇ ಗದ್ದಲದಲ್ಲಿ, ಚರ್ಚೆಯ ತೊಂದರೆಯಿಲ್ಲದೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರಿತು. ಜಗಳಕ್ಕೂ ಒಂದು ಶಿಸ್ತು ಇರಬೇಕು ನೋಡಿ. 2023ರಲ್ಲಿ ವಿಧಾನಸಭೆಗೆ ಗೆದ್ದು ಬಂದವರಲ್ಲಿ ಶೇ 97ರಷ್ಟು ಮಂದಿ ಕೋಟ್ಯಧೀಶರು. ನಾಮಪತ್ರದ ಜೊತೆ ಅವರೇ ಬರೆದುಕೊಟ್ಟ ಲೆಕ್ಕವದು. ನಾಳೆ ಇವರು ಮಾಜಿಗಳಾದಾಗ ಯಾವ ತಲಾಟಿಯೂ ಪಾಸ್‌ಬುಕ್ ಕೇಳುವುದಿಲ್ಲ. ಅವರ ಒಂದು ತಿಂಗಳ ಪಿಂಚಣಿಯಷ್ಟು ದುಡ್ಡು ಆಯಿಗೆ ಬರಬೇಕಾದರೆ ವಿಧಾನಸಭೆಯ ಒಂದು ಪೂರ್ಣಾವಧಿ ಕಳೆದು, ಮೇಲೆ ಎರಡೂವರೆ ತಿಂಗಳು ಆಕೆ ಬದುಕಿರಬೇಕು.

ನನ್ನದೊಂದು ಸಲಹೆ: ಮಾಜಿ ಶಾಸಕರೂ ಒಮ್ಮೆ ತಲಾಟಿಯ ಮುಂದೆ, ಆಯಿಯ ಹಿಂದೆ ಪಾಳಿ ಹಚ್ಚಲಿ.

“ಸಾಹೇಬ್ರ, ಉತ್ಪನ್ನ ಎಷ್ಟಂತ ಬರೀಲ್ರಿ?”

“ಏನೈತಪಾ ನಮ್ಮದು? ಇದ್ದದ್ದೆಲ್ಲಾ ಹೆಂಡ್ತಿ ಹೆಸರ್ಲೆ ಐತಿ.”

“ಮಗ ನೋಡ್ಕೊಳ್ಳೂದಿಲ್ಲೇನ್ರಿ?”

“ಒಂದ್ ರೂಪಾಯಿ ಕೊಡೂದಿಲ್ಲ.”

“ಏನ್ ಮಾಡ್ತಾರ್ರಿ ಅವ್ರು?”

“ಈಗಿನ ಎಮ್ಮೆಲ್ಲೆ ಅವನ ಅಲ್ಲೇನಪಾ!”